ವಿಕಿಹೌನಲ್ಲಿ ಒಂದು ಹಂತ ತಿದ್ದಿ ಶುರು ಮಾಡಿ: ಮುಂಬಯಿ-ಪುಣೆ ಕನ್ನಡಿಗರಲ್ಲಿ ಒಂದು ಕೇಳಿಕೆ

ಡೊಂಬಿವಲಿ ವಾಸಿ

ಎಲ್ಲರಿಗೂ ನಮಸ್ಕಾರ. ವಿಕಿಹೌ ತಾಣವನ್ನು ನಿಮ್ಮಲ್ಲಿ ಬಹಳ ಜನ ನೋಡಿಯೇ ಇರುತ್ತೀರಿ. ಟೈ ಕಟ್ಟುವುದು ಹೇಗೆ, ಸೋರುವ ನಲ್ಲಿ ರಿಪೇರಿ ಮಾಡುವುದು ಹೇಗೆ ಅಂತ ಹುಡುಕಿದರೆ ಚಿತ್ರದ ಸಮೇತ ಹಂತ ಹಂತವಾಗಿ ತೋರಿಸುತ್ತದಲ್ಲ, ಅದೇ ತಾಣ. ಅದನ್ನು ಓದುವವರು ಜಾಸ್ತಿ. ಅದಕ್ಕೆ ನಾವೂ ಕೈ ಹಚ್ಚಬಹುದು ಅಂತ ಗೊತ್ತಿರುವವರು ಕಡಿಮೆ. ನಾನು ಅಲ್ಲಿ ಸ್ವಯಂಸೇವಕ. ರಾತ್ರಿ ಊಟ ಆದ ಮೇಲೆ ಸ್ವಲ್ಪ ಹೊತ್ತು ಕೂತು ಬೇರೆಯವರು ಬರೆದಿದ್ದನ್ನು ತಿದ್ದುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ನಮ್ಮ ಜನ ಇನ್ನಷ್ಟು ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜ್ಯಾಕ್ ಹೆರಿಕ್ ಮತ್ತು ಜೋಶ್ ಹ್ಯಾನಾ ಅನ್ನುವ ಇಬ್ಬರು 2004ರಲ್ಲಿ ಇಹೌ ಅನ್ನುವ ತಾಣವನ್ನು ಕೊಂಡರು. ಅದರಲ್ಲೂ ಇಂಥದೇ ಲೇಖನಗಳಿದ್ದವು. ಆದರೆ ಓದುವವರು ತಿದ್ದುವ ಹಾಗಿರಲಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಅನ್ನುವ ವಿಕಿಪೀಡಿಯದ ದಾರಿಯಲ್ಲಿ ಅವರು 2005ರ ಜನವರಿ 15ರಂದು ವಿಕಿಹೌ ಶುರು ಮಾಡಿದರು. ಮುಂದಿನ ವರ್ಷವೇ ಇಹೌವನ್ನು ಮಾರಿ ಇದನ್ನು ಇಟ್ಟುಕೊಂಡರು. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ, ಇದಕ್ಕೂ ಅದೇ ಬುನಾದಿ. ಹಾಗಾಗಿ ಪ್ರತಿ ತಿದ್ದುಪಡಿಯೂ ಇತಿಹಾಸ ಪುಟದಲ್ಲಿ ಉಳಿಯುತ್ತದೆ. ಏನಾದರೂ ಎಡವಟ್ಟಾದರೆ ಹಿಂದಿನ ರೂಪಕ್ಕೆ ಮರಳಿಸಬಹುದು. ಹೊಸ ತಿದ್ದುಪಡಿಗಳನ್ನು ಬೇರೆ ಸ್ವಯಂಸೇವಕರು ನೋಡುತ್ತಲೇ ಇರುತ್ತಾರೆ. ಹೆದರುವಂಥದ್ದು ಏನೂ ಇಲ್ಲ.

ನನ್ನ ಕೇಳಿಕೆ ಇಷ್ಟೇ. ಹೊಸ ಲೇಖನ ಬರೆಯುವುದರಿಂದ ಶುರು ಮಾಡಬೇಡಿ. ನಿಮಗೆ ಕೈಯಾರೆ ಮಾಡಿ ಗೊತ್ತಿರುವ ಕೆಲಸದ ಲೇಖನ ತೆರೆಯಿರಿ. ಅದರಲ್ಲಿ ಹೊಸಬರು ಎಡವುವ ಒಂದೇ ಒಂದು ಹಂತ ಹುಡುಕಿ ತಿದ್ದಿ.

ಕಲ್ಯಾಣ್ ಕನ್ನಡತಿ

ಒಳ್ಳೆ ವಿಷಯ ಎತ್ತಿದ್ದೀರಿ. ನನಗೆ ಎರಡು ಅನುಮಾನ. ಒಂದು, ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಬರೆಯಲು ಧೈರ್ಯ ಸಾಲದು. ಎರಡು, ಹೊಸಬರು ಎಲ್ಲಿ ಎಡವುತ್ತಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವವರಿಗೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ ಅಲ್ವಾ?

ಡೊಂಬಿವಲಿ ವಾಸಿ

ಎರಡನೆಯ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಈ ಕೆಲಸದ ಜೀವ ಇರುವುದೇ ಅದರಲ್ಲಿ. ನಮ್ಮ ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಉದಾಹರಣೆಯನ್ನೇ ನೋಡಿ.

ಊರಿಂದ ಹೊಸದಾಗಿ ಬಂದ ನೆಂಟರು ದಾದರ್‌ನಿಂದ ಟಿಟ್ವಾಲಾ ಗಣಪತಿ ದೇವಸ್ಥಾನಕ್ಕೆ ಹೋಗಬೇಕು. ನಾವು ಏನು ಹೇಳುತ್ತೇವೆ? "ಕಲ್ಯಾಣ್ ದಾಟಿ ಹೋಗುವ ಗಾಡಿ ಹತ್ತಿ, ಟಿಟ್ವಾಲಾದಲ್ಲಿ ಇಳಿಯಿರಿ." ನಮಗೆ ಇದು ಸಾಕು. ಅವರಿಗೆ ಸಾಲದು. ಕಲ್ಯಾಣ್ ಆದ ಮೇಲೆ ಹಳಿ ಎರಡಾಗುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಟಿಟ್ವಾಲಾ ಇರುವುದು ಕಸಾರಾ ದಾರಿಯಲ್ಲಿ. ಕರ್ಜತ್ ಗಾಡಿಯೂ ಕಲ್ಯಾಣ್ ದಾಟಿಯೇ ಹೋಗುತ್ತದೆ. ನಾವು ಹೇಳಿದ ಹಾಗೇ ಮಾಡಿಯೂ ಅವರು ಉಲ್ಲಾಸನಗರ, ಅಂಬರ್‌ನಾಥ್ ಕಡೆ ಹೋಗಿಬಿಡುತ್ತಾರೆ.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಫಲಕ ನೋಡಿ ಹತ್ತಿ ಅಂದರೂ ಮುಗಿಯಲಿಲ್ಲ. ಅದರಲ್ಲಿ ಗಾಡಿ ಎಲ್ಲಿಗೆ ಅನ್ನುವುದಕ್ಕೆ ಒಂದು ಗುರುತು, ಫಾಸ್ಟೋ ಸ್ಲೋವೋ ಅನ್ನುವುದಕ್ಕೆ ಇನ್ನೊಂದು. 'ಕೆ' ಅಂದರೆ ಕಲ್ಯಾಣ್, 'ಟಿ' ಅಂದರೆ ಠಾಣೆ. ಕಸಾರಾಗೆ 'ಎನ್', ಕರ್ಜತ್‌ಗೆ 'ಎಸ್'. ಸ್ಲೋ ಗಾಡಿಗೂ 'ಎಸ್' ಅಂತಲೇ ಇರುತ್ತದೆ! ದಿನಾ ಓಡಾಡುವವರ ಕಣ್ಣು ಎರಡನ್ನೂ ಬೇರೆ ಬೇರೆಯಾಗಿಯೇ ಓದುತ್ತದೆ. ಹೊಸಬರು ಅಲ್ಲಿ ನಿಂತುಬಿಡುತ್ತಾರೆ.

ನಾನಾದರೆ ಆ ಹಂತವನ್ನು ಹೀಗೆ ಬರೆಯುತ್ತೇನೆ:

"ಕಸಾರಾ, ಅಸನ್‌ಗಾಂವ್ ಅಥವಾ ಟಿಟ್ವಾಲಾ ಗಾಡಿ ಹತ್ತಿ. ಕರ್ಜತ್, ಖೋಪೋಲಿ, ಬದ್ಲಾಪುರ, ಅಂಬರ್‌ನಾಥ್ ಗಾಡಿ ಬೇಡ. ಕಲ್ಯಾಣ್ ಆದ ಮೇಲೆ ಶಹಾಡ್ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ವಿಠ್ಠಲವಾಡಿ ಬಂದರೆ ಅಲ್ಲೇ ಇಳಿದು ಕಲ್ಯಾಣ್‌ಗೆ ವಾಪಸ್ ಹೋಗಿ, ಕಸಾರಾ ಕಡೆಯ ಗಾಡಿ ಹಿಡಿಯಿರಿ."

ಕೊನೆಯ ಎರಡು ವಾಕ್ಯ ನೋಡಿ. ಸರಿ ಹೋಗುತ್ತಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ? ತಪ್ಪಿದರೆ ಏನು ಮಾಡಬೇಕು? ಬಹಳಷ್ಟು ಲೇಖನಗಳಲ್ಲಿ ಇಲ್ಲದಿರುವುದು ಇವೆರಡೇ. ಯಾವ ಹಂತ ಓದಿದರೂ ಈ ಎರಡು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ನಿಮ್ಮ ಕೆಲಸ ಅಲ್ಲಿದೆ.

ಇಂಗ್ಲಿಷ್ ವಿಷಯ: ಅಲ್ಲಿ ಬೇಕಿರುವುದು ಚಿಕ್ಕ ಚಿಕ್ಕ ವಾಕ್ಯದ ಸರಳ ಇಂಗ್ಲಿಷ್. ವ್ಯಾಕರಣ ತಿದ್ದಲು ಬೇರೆ ಸ್ವಯಂಸೇವಕರಿದ್ದಾರೆ, ಅದನ್ನೇ ಇಷ್ಟಪಟ್ಟು ಮಾಡುವವರು. ನಿಮ್ಮ ಹತ್ತಿರ ಇರುವ ತಿಳಿವಳಿಕೆ ಅವರ ಹತ್ತಿರ ಇಲ್ಲ.

ಘಾಟ್‌ಕೋಪರ್ ಗೆಳೆಯ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವಿಕಿಪೀಡಿಯ ನಡೆಸುವುದು ಲಾಭ ನೋಡದ ಸಂಸ್ಥೆ. ವಿಕಿಹೌ ಹಾಗಲ್ಲ, ಅದು ಕಂಪನಿ. ಜಾಹೀರಾತಿನಿಂದ ಹಣ ಬರುತ್ತದೆ. ನಾವು ಬಿಟ್ಟಿ ದುಡಿಯಬೇಕು, ಅವರು ಸಂಪಾದಿಸಬೇಕು. ಇದು ನ್ಯಾಯವೇ? ದುಡಿಯುವ ಜನರ ಸಮಯಕ್ಕೆ ಬೆಲೆ ಇಲ್ಲವೇ? ನಮ್ಮವರು ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಸಮಯ ಅಂದರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಅಲ್ಲಿ ಹಿಂದಿ ಇದೆ, ಅರಬ್ಬಿ ಇದೆ, ಥಾಯ್, ವಿಯೆಟ್ನಾಮಿ, ಇಂಡೊನೇಷ್ಯನ್ ಇದೆ. ಕನ್ನಡ ಇಲ್ಲ. ಕನ್ನಡವೇ ಇಲ್ಲದ ಕಡೆ ಕನ್ನಡಿಗರು ಯಾಕೆ ಬೆವರು ಸುರಿಸಬೇಕು?

ಡೊಂಬಿವಲಿ ವಾಸಿ

ನ್ಯಾಯವಾದ ಪ್ರಶ್ನೆ. ಕಂಪನಿ ಅನ್ನುವುದು ನಿಜ, ಅದನ್ನು ಅವರೂ ಮುಚ್ಚಿಟ್ಟಿಲ್ಲ. ನನಗೆ ಸಮಾಧಾನ ಕೊಡುವುದು ಪರವಾನಗಿ. ಅಲ್ಲಿನ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲದ ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಅದರಿಂದ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಈ ಮೂರು ಶರತ್ತು ಒಪ್ಪಿದರೆ ಯಾರು ಬೇಕಾದರೂ ನಕಲು ಮಾಡಬಹುದು, ಅನುವಾದಿಸಬಹುದು. ಅಂದರೆ ನಾಳೆ ನೀವೇ ಒಂದು ಲೇಖನವನ್ನು ಕನ್ನಡಕ್ಕೆ ತಂದು, ಮೂಲ ಹೇಳಿ, ನಿಮ್ಮ ಸಂಘದ ಗುಂಪಿನಲ್ಲಿ ಹಂಚಿದರೆ ಯಾರೂ ಬೇಡ ಅನ್ನುವುದಿಲ್ಲ.

ವಾಸ್ಕೋ ಮಿತ್ರ

ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ಘಾಟ್‌ಕೋಪರ್ ಗೆಳೆಯರ ಅನುಮಾನಕ್ಕೆ ಒಂದು ನಡೆದ ಕಥೆಯೇ ಉತ್ತರ. ಪ್ರವಾಸದ ಮಾಹಿತಿಗೆ ವಿಕಿಟ್ರಾವೆಲ್ ಅಂತ ತಾಣ ಇತ್ತು. ಅದನ್ನೂ ಸ್ವಯಂಸೇವಕರೇ ಬರೆದು ಕಟ್ಟಿದ್ದರು. 2006ರಲ್ಲಿ ಅದನ್ನು ಒಂದು ಕಂಪನಿ ಕೊಂಡಿತು. ಅದೇ ವರ್ಷ ಜರ್ಮನ್ ಬರೆಯುವವರು ಹೊರಗೆ ಬಂದು ವಿಕಿವಾಯೇಜ್ ಕಟ್ಟಿಕೊಂಡರು. ಆಮೇಲೆ ಇಂಗ್ಲಿಷ್ ಬರೆಯುವವರಲ್ಲೂ ಬಹಳ ಜನ ಅತ್ತ ಹೋದರು. 2013ರ ಜನವರಿಯಲ್ಲಿ ಅದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಕುಟುಂಬದ ತಾಣವಾಗಿ ಶುರುವಾಯಿತು. ಹೋಗುವಾಗ ತಾವು ಬರೆದಿದ್ದನ್ನು ಬಿಟ್ಟು ಹೋಗಲಿಲ್ಲ, ಎಲ್ಲವನ್ನೂ ಹೊತ್ತುಕೊಂಡೇ ಹೋದರು. ಮುಕ್ತ ಪರವಾನಗಿ ಇದ್ದುದರಿಂದ ಇದು ಸಾಧ್ಯವಾಯಿತು. ಕಂಪನಿಗೆ ಸರ್ವರ್ ಉಳಿಯಿತು, ಹೆಸರು ಉಳಿಯಿತು. ಜನರು ಅಲ್ಲಿ ನಿಲ್ಲಲಿಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿ. ವಿಕಿಹೌ ಪರವಾನಗಿಯಲ್ಲಿ ವ್ಯಾಪಾರ ಕೂಡದು ಅನ್ನುವ ಶರತ್ತಿದೆ. ವಿಕಿಪೀಡಿಯದ ಪರವಾನಗಿಯಲ್ಲಿ ಆ ಶರತ್ತಿಲ್ಲ. ಹಾಗಾಗಿ ವಿಕಿಹೌ ಬರಹವನ್ನು ವಿಕಿಪೀಡಿಯಕ್ಕೆ ಎತ್ತಿ ಹಾಕುವಂತಿಲ್ಲ. ಅನುವಾದ ಮಾಡಿಯೂ ಹಾಕುವಂತಿಲ್ಲ. ಹೊಸಬರು ಇದನ್ನು ನೆನಪಿಡಲಿ.

ಘಾಟ್‌ಕೋಪರ್ ಗೆಳೆಯ

ವಿಕಿಟ್ರಾವೆಲ್ ಕಥೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಪರವಾನಗಿ ವಿಚಾರ ಒಪ್ಪುತ್ತೇನೆ. ಕನ್ನಡದ ವಿಚಾರ ಇನ್ನೂ ಹಾಗೇ ಇದೆ.

ಪುಣೆ ನರ್ಸಕ್ಕ

ನಾನು ಪುಣೆಯಲ್ಲಿ ನರ್ಸ್. ಮಕ್ಕಳ ವಾರ್ಡಿನಲ್ಲಿ ಕೆಲಸ. ಇಲ್ಲಿ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ತುಂಬಾ ಜನ ಬರುತ್ತಾರೆ. ಅವರಿಗೆ ಮರಾಠಿ ಅಷ್ಟಕ್ಕಷ್ಟೇ, ಇಂಗ್ಲಿಷ್ ಕೇಳಲೇಬೇಡಿ. ಹಾಗಾಗಿ ಕನ್ನಡದಲ್ಲಿ ಹಂತ ಹಂತವಾಗಿ ಬರೆದಿಡುವುದು ಎಷ್ಟು ಮುಖ್ಯ ಅಂತ ನನಗೆ ಕಣ್ಣಾರೆ ಗೊತ್ತು.

ಮಗುವಿಗೆ ಭೇದಿ ಶುರುವಾದರೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನೇ ನೋಡಿ. ವಾಟ್ಸ್‌ಆಪಿನಲ್ಲಿ ಕನ್ನಡದಲ್ಲಿ ಓಡಾಡುವ ಸಂದೇಶಗಳಲ್ಲಿ "ನೀರಿಗೆ ಸ್ವಲ್ಪ ಉಪ್ಪು, ಸಕ್ಕರೆ ಹಾಕಿ ಕುಡಿಸಿ" ಅಂತ ಇರುತ್ತದೆ. ಸ್ವಲ್ಪ ಅಂದರೆ ಎಷ್ಟು? ಒಬ್ಬರ ಚಿಟಿಕೆ ಇನ್ನೊಬ್ಬರ ಹಿಡಿ. ಅಳತೆ ಹೀಗೆ: ಒಂದು ಲೀಟರ್ ಶುದ್ಧ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ಮಟ್ಟವಾಗಿರಬೇಕು. ಟೀ ಚಮಚ ಅಂದರೆ 5 ಮಿಲಿ ಹಿಡಿಯುವ ಚಿಕ್ಕ ಚಮಚ, ಊಟದ ಚಮಚ ಅಲ್ಲ.

ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂದರೆ, ಸಕ್ಕರೆ ಇರುವುದು ರುಚಿಗಲ್ಲ. ಸಣ್ಣ ಕರುಳು ಸಕ್ಕರೆಯ ಜೊತೆಗೇ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. ಉಪ್ಪು ಜಾಸ್ತಿಯಾದರೆ ಮಗುವಿನ ಜೀವಕ್ಕೇ ಅಪಾಯ. ಅಂಗಡಿಯಲ್ಲಿ ಒಆರ್‌ಎಸ್ ಪೊಟ್ಟಣ ಸಿಕ್ಕಿದರೆ ಅದೇ ಮೇಲು. ಆದರೆ ಅದರಲ್ಲೂ ಒಂದು ಲೀಟರಿನ ಪೊಟ್ಟಣ ಇದೆ, 200 ಮಿಲಿಯದೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದ ತಾಯಂದಿರನ್ನು ನಾನು ನೋಡಿದ್ದೇನೆ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಿಮ್ಮ ಎರಡು ಪ್ರಶ್ನೆ ಇಲ್ಲೂ ಬೇಕು. ಸರಿ ಹೋಗುತ್ತಿದೆ ಅಂತ ಹೇಗೆ ತಿಳಿಯುವುದು? ಮಗು ಮೂತ್ರ ಮಾಡುತ್ತಿದೆ, ಲವಲವಿಕೆ ಇದೆ. ತಪ್ಪುತ್ತಿದ್ದರೆ? ಕಣ್ಣು ಒಳಗೆ ಹೋಗಿದೆ, ಮಂಕಾಗಿದೆ, ಕುಡಿದಿದ್ದೆಲ್ಲ ವಾಂತಿಯಾಗುತ್ತಿದೆ, ಮಲದಲ್ಲಿ ರಕ್ತ ಇದೆ ಅಂದರೆ ತಡ ಮಾಡದೆ ಆಸ್ಪತ್ರೆಗೆ. ಈ ಸಾಲಿಲ್ಲದ ಬರಹ ನನ್ನ ಪ್ರಕಾರ ಅಪೂರ್ಣ. ಆರೋಗ್ಯದ ಲೇಖನಗಳನ್ನು ವಿಕಿಹೌ ವೈದ್ಯರಿಂದ ಪರಿಶೀಲನೆ ಮಾಡಿಸುತ್ತದೆ, ಅದು ಒಳ್ಳೆಯದು. ಕನ್ನಡದಲ್ಲಿ ನಾವು ಬರೆಯುವಾಗಲೂ ಗೊತ್ತಿರುವವರಿಗೆ ತೋರಿಸದೆ ಹಂಚಬಾರದು.

ಮಾಟುಂಗಾ ಮಾಸ್ತರ

ನರ್ಸಕ್ಕ ಬರೆದಿದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿದೆ. ಎಲ್ಲರಿಗೂ ತಿಳಿಯಿತು.

ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಬರೆಯುವ ರೀತಿಯ ಬಗ್ಗೆ ಒಂದು ಸಲಹೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬರುತ್ತದೆ. ವಿಕಿಹೌನಲ್ಲಿ ಪ್ರತಿ ಹಂತದ ಮೊದಲ ವಾಕ್ಯ ದಪ್ಪಕ್ಷರದಲ್ಲಿರುತ್ತದೆ, ಏನು ಮಾಡಬೇಕು ಅಂತ ಶುರುವಿನಲ್ಲೇ ಕಾಣುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ಇಂಗ್ಲಿಷಿನ ಉದ್ದ ವಾಕ್ಯವನ್ನು ಹಾಗೇ ಕನ್ನಡಕ್ಕೆ ತಂದರೆ ಓದುವವರು ಏನು ಮಾಡಬೇಕು ಅಂತ ತಿಳಿಯಲು ವಾಕ್ಯದ ತುದಿಯವರೆಗೆ ಕಾಯಬೇಕು. ಅಷ್ಟರಲ್ಲಿ ಕೈಯಲ್ಲಿದ್ದ ಪಾತ್ರೆ ಸುಡುತ್ತಿರುತ್ತದೆ.

ಅದಕ್ಕೇ ಒಂದು ವಾಕ್ಯಕ್ಕೆ ಒಂದೇ ಕೆಲಸ. ನಾಲ್ಕೈದು ಪದಗಳಲ್ಲಿ ಮುಗಿಯಲಿ. "ನೀರು ಕುದಿಸಿ. ಆರಲು ಬಿಡಿ. ಒಂದು ಲೀಟರ್ ಅಳೆಯಿರಿ." ಹೀಗೆ. ಎಚ್ಚರಿಕೆ ಇದ್ದರೆ ಅದು ಕೆಲಸಕ್ಕಿಂತ ಮುಂಚೆ ಬರಬೇಕು. ಒಲೆ ಹಚ್ಚಿ ಅಂದ ಮೇಲೆ "ಅದಕ್ಕೂ ಮೊದಲು ಕಿಟಕಿ ತೆರೆಯಿರಿ" ಅನ್ನಬಾರದು. ಬರೆದಾದ ಮೇಲೆ ಆ ಕೆಲಸ ಗೊತ್ತಿಲ್ಲದವರ ಕೈಗೆ ಕೊಡಿ. ಅವರು ಓದುತ್ತಾ ಮಾಡಲಿ. ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ, ಬಾಯಿ ಬಿಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗುರುತು ಹಾಕಿ.

ಡೊಂಬಿವಲಿ ವಾಸಿ

ಮಾಸ್ತರರೇ, ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಆದರೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಕನ್ನಡದ ವಿಚಾರಕ್ಕೆ ಬರುತ್ತೇನೆ. ವಿಕಿಹೌನಲ್ಲಿ ಕನ್ನಡ ಆವೃತ್ತಿ ಇಲ್ಲ ಅನ್ನುವುದು ನನಗೂ ಕೊರಗು. ಆದರೆ ಕಾಯುತ್ತಾ ಕೂರುವ ಅಗತ್ಯ ಇಲ್ಲ. ವಿಕಿಪೀಡಿಯದ ಜೊತೆಯ ತಾಣ ವಿಕಿಪುಸ್ತಕ ಇದೆ, ಕನ್ನಡದಲ್ಲೂ ಇದೆ. ವಿಕಿಪೀಡಿಯ ವಿಶ್ವಕೋಶ, ಅದರಲ್ಲಿ ಮಾಡುವ ವಿಧಾನದ ಕೈಪಿಡಿಗೆ ಜಾಗ ಇಲ್ಲ. ವಿಕಿಪುಸ್ತಕದಲ್ಲಿ ಜಾಗ ಇದೆ. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಯಿತು, ಅಲ್ಲಿ ಬರೆಯುವ ಬಳಗ ಇದೆ. ವಿಕಿಪುಸ್ತಕದ ಕಡೆ ಬರುವವರು ಕಡಿಮೆ. ನಾವು ಕೆಲವರು ಹೋದರೂ ಎದ್ದು ಕಾಣುವಂಥ ಕೆಲಸ ಮಾಡಬಹುದು.

ಒಂದೇ ಎಚ್ಚರ, ವಾಸ್ಕೋ ಮಿತ್ರರು ಹೇಳಿದ್ದು. ವಿಕಿಪುಸ್ತಕಕ್ಕೂ ವಿಕಿಪೀಡಿಯದ ಪರವಾನಗಿಯೇ, ಹಾಗಾಗಿ ವಿಕಿಹೌನಿಂದ ಅನುವಾದಿಸಿ ಅಲ್ಲಿ ಹಾಕಬೇಡಿ. ನಿಮ್ಮ ಸ್ವಂತ ಅನುಭವದಿಂದ ನಿಮ್ಮ ಮಾತಿನಲ್ಲೇ ಬರೆಯಿರಿ. ನೀವೇ ಪೂರ್ತಿ ಬರೆದದ್ದು ನಿಮ್ಮದು. ಅದನ್ನು ಕನ್ನಡದಲ್ಲಿ ವಿಕಿಪುಸ್ತಕಕ್ಕೂ ಕೊಡಬಹುದು, ಇಂಗ್ಲಿಷಿನಲ್ಲಿ ವಿಕಿಹೌಗೂ ಕೊಡಬಹುದು. ನಾನು ಎರಡೂ ಕಡೆ ಇರುತ್ತೇನೆ. ವಿಕಿಹೌ ಬಿಡುವುದಿಲ್ಲ, ಯಾಕೆಂದರೆ ಹೇಗೆ ಬರೆಯಬೇಕು ಅನ್ನುವುದನ್ನು ಕಲಿಯಲು ಅದಕ್ಕಿಂತ ಒಳ್ಳೆ ಗರಡಿ ಸಿಗುವುದಿಲ್ಲ. ನಿಮ್ಮ ವಾಕ್ಯವನ್ನು ದೇಶವೇ ಬೇರೆಯಾದ ಯಾರೋ ಓದಿ, "ಇಲ್ಲಿ ನನಗೆ ತಿಳಿಯಲಿಲ್ಲ" ಅಂತ ಚರ್ಚಾ ಪುಟದಲ್ಲಿ ಬರೆಯುತ್ತಾರೆ. ದುಡ್ಡು ಕೊಟ್ಟರೂ ಸಿಗದ ಪಾಠ ಅದು.

ಟೈಪ್ ಮಾಡಲು ಬರುವುದಿಲ್ಲ ಅನ್ನುವವರು ಮೊಬೈಲಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಿ. ಕಾಗುಣಿತ ಆಮೇಲೆ ತಿದ್ದಿಕೊಳ್ಳೋಣ.

ಘಾಟ್‌ಕೋಪರ್ ಗೆಳೆಯ

ವಿಕಿಪುಸ್ತಕ ಆದರೆ ನಾನು ಸೇರುತ್ತೇನೆ. ಬಾಡಿಗೆ ಮನೆ ಕರಾರಿನ ಬಗ್ಗೆ ಬರೆಯುತ್ತೇನೆ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸನ್ಸ್ ಅನ್ನುವ ಬಾಡಿಗೆ ಕರಾರು ಬರಹದಲ್ಲೂ ಇರಬೇಕು, ನೋಂದಣಿಯೂ ಆಗಿರಬೇಕು. 11 ತಿಂಗಳದ್ದಕ್ಕೆ ನೋಂದಣಿ ಬೇಡ ಅಂತ ಊರ ಕಡೆಯ ಹುಡುಗರು ತಿಳಿದಿರುತ್ತಾರೆ. ಇಲ್ಲಿನ 1999ರ ಬಾಡಿಗೆ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ಕರಾರು ಇಲ್ಲದಿದ್ದರೆ ಜಗಳ ಬಂದಾಗ ಬಾಡಿಗೆದಾರ ಹೇಳಿದ ಶರತ್ತನ್ನೇ ನಿಜ ಅಂತ ಹಿಡಿಯಲಾಗುತ್ತದೆ, ಮಾಲೀಕರು ಬೇರೆ ಸಾಬೀತು ಮಾಡುವವರೆಗೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಡೊಂಬಿವಲಿ ವಾಸಿ

ಇದು ತುಂಬಾ ಬೇಕಾದ ವಿಷಯ. ದಯವಿಟ್ಟು ಬರೆಯಿರಿ.

ಕಲ್ಯಾಣ್ ಕನ್ನಡತಿ

ನಾನೂ ಒಂದು ಬರೆದಿದ್ದೇನೆ. ಗ್ಯಾಸ್ ಸಿಲಿಂಡರ್ ಬದಲಾಯಿಸುವುದು. ನಮ್ಮ ಚಾಳಿನಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಇದಕ್ಕೆ ಹೆದರಿ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಕೊನೆಯ ಹಂತ ಹೀಗಿದೆ, ನೋಡಿ ಹೇಳಿ:

"ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ. ಸೋಪಿನ ನೀರು ಮಾಡಿಕೊಳ್ಳಿ. ರೆಗ್ಯುಲೇಟರ್ ಕೂರಿಸಿದ ಜಾಗಕ್ಕೆ ಹಚ್ಚಿ. ಗುಳ್ಳೆ ಏಳದಿದ್ದರೆ ಸರಿಯಾಗಿ ಕೂತಿದೆ."

ಮಾಟುಂಗಾ ಮಾಸ್ತರ

ಎಚ್ಚರಿಕೆ ಮೊದಲು ಬಂದಿದೆ, ವಾಕ್ಯ ಚಿಕ್ಕದು. ಬಹಳ ಚೆನ್ನಾಗಿದೆ. ಗುಳ್ಳೆ ಎದ್ದರೆ?

ಕಲ್ಯಾಣ್ ಕನ್ನಡತಿ

ಇದನ್ನು ಸೇರಿಸುತ್ತೇನೆ:

"ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ. ರೆಗ್ಯುಲೇಟರ್ ಆಫ್ ಮಾಡಿ ತೆಗೆಯಿರಿ. ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿ. ಕಿಟಕಿ, ಬಾಗಿಲು ತೆರೆಯಿರಿ. ಲೈಟು, ಫ್ಯಾನಿನ ಸ್ವಿಚ್ ಮುಟ್ಟಬೇಡಿ. ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ."

ಪುಣೆ ನರ್ಸಕ್ಕ

ಸ್ವಿಚ್ ಮುಟ್ಟಬೇಡಿ ಅನ್ನುವುದು ಎಲ್ಲಕ್ಕಿಂತ ಮೊದಲು ಬರಲಿ. ವಾಸನೆ ಬಂದ ಕೂಡಲೇ ಜನ ಲೈಟ್ ಹಾಕಿ ನೋಡುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಕಿಟಕಿ ಸಾಲದು, ಬಾಗಿಲನ್ನೂ ತೆರೆಯಲೇಬೇಕು ಅಂತ ಒತ್ತಿ ಹೇಳಿ. ಫೋನ್ ಮನೆಯಿಂದ ಹೊರಗೆ ಹೋಗಿ ಮಾಡಬೇಕು ಅಂತಲೂ ಬರೆಯಿರಿ.

ಕಲ್ಯಾಣ್ ಕನ್ನಡತಿ

ಮೂರನ್ನೂ ಸೇರಿಸಿದ್ದೇನೆ. ನಾಳೆ ಸಂಜೆ ಮೂರನೇ ಮಹಡಿಯ ಹುಡುಗಿಯ ಕೈಗೆ ಕೊಟ್ಟು ಓದಿಸುತ್ತೇನೆ. ಖಾಲಿ ಸಿಲಿಂಡರಿನ ಮೇಲೆ ಮಾಡಿಸುತ್ತೇನೆ. ಅವಳು ಎಲ್ಲಿ ನಿಂತಳು ಅಂತ ಇಲ್ಲೇ ತಿಳಿಸುತ್ತೇನೆ, ಆಮೇಲೆ ವಿಕಿಪುಸ್ತಕಕ್ಕೆ ಹಾಕೋಣ.